ಮಸಲ್ ಅಪ್: ಕಷ್ಟವಿರುವುದು ಒಂದು ಗೇಣಿನಲ್ಲಿ

ಕಾರವಾರದ ಬೈತಖೋಲ ಬಂದರಿನಲ್ಲಿ ಸಂಜೆ ಹೊತ್ತು ಸುಮ್ಮನೆ ನಿಂತರೆ ಒಂದು ಚೆಂದದ ಕಸರತ್ತು ಪುಕ್ಕಟೆ ನೋಡಲು ಸಿಗುತ್ತದೆ. ನೀರಿಗೆ ಹಾರಿದ ಹುಡುಗ ಈಜಿಕೊಂಡು ದೋಣಿಯ ಹತ್ತಿರ ಬರುತ್ತಾನೆ. ಎರಡೂ ಕೈಯಲ್ಲಿ ಅಂಚು ಹಿಡಿಯುತ್ತಾನೆ. ಕಾಲನ್ನೊಮ್ಮೆ ಜಾಡಿಸಿ, ಎದೆಯನ್ನು ಅಂಚಿನ ಮೇಲೆ ಹಾಕಿ, ಅಂಗೈ ಊರಿ ತೋಳು ನೆಟ್ಟಗೆ ಮಾಡುತ್ತಾನೆ. ಮರುಕ್ಷಣ ದೋಣಿಯೊಳಗೆ ನಿಂತು ತಲೆಯ ನೀರು ಕೊಡವುತ್ತಿರುತ್ತಾನೆ. ಇದಕ್ಕೊಂದು ಹೆಸರಿದೆ ಎಂದು ಅವನಿಗೆ ಗೊತ್ತಿಲ್ಲ, ಬೇಕಾಗಿಯೂ ಇಲ್ಲ.

ಅದೇ ಕೆಲಸವನ್ನು ಕಬ್ಬಿಣದ ಕಂಬಿಗೆ ನೇತುಬಿದ್ದು ಮಾಡಿದರೆ ಅದು ಮಸಲ್ ಅಪ್. ಪುಲ್‌ಅಪ್‌ನಲ್ಲಿ ಗಲ್ಲ ಕಂಬಿ ದಾಟಿದರೆ ಕೆಲಸ ಮುಗಿಯಿತು. ಮಸಲ್ ಅಪ್‌ನಲ್ಲಿ ಅಲ್ಲಿಗೆ ಅರ್ಧವೂ ಆಗಿರುವುದಿಲ್ಲ. ನೇತಾಡುವ ಸ್ಥಿತಿಯಿಂದ ಹೊರಟು ಎದೆ, ಹೊಟ್ಟೆ ಎಲ್ಲ ಕಂಬಿಯನ್ನು ದಾಟಿ, ಕೊನೆಗೆ ತೋಳು ನೆಟ್ಟಗಾಗಿ ಕಂಬಿ ಸೊಂಟದ ಹತ್ತಿರ ಬರಬೇಕು. (ಇಲ್ಲಿ ‘ಬಾರ್’ ಎನ್ನದೆ ಕಂಬಿ ಎನ್ನುವುದಕ್ಕೆ ಕಾರಣವಿದೆ. ‘ಬಾರ್‌ಗೆ ಹೋಗಿ ಬರ್ತೆ’ ಎಂದರೆ ನಮ್ಮೂರಲ್ಲಿ ಮನೆಯವರಿಗೆ ಮೊದಲು ನೆನಪಾಗುವುದು ಮಾಜಾಳಿ ಗೇಟಿನ ಆಚೆಯ ಗೋವಾ.) ನಾನು ಹನ್ನೆರಡು ಪುಲ್‌ಅಪ್ ಸಲೀಸಾಗಿ ಹೊಡೆಯುತ್ತಿದ್ದ ಕಾಲದಲ್ಲೂ ಒಂದು ಮಸಲ್ ಅಪ್‌ಗಾಗಿ ಹನ್ನೊಂದು ತಿಂಗಳು ಒದ್ದಾಡಿದವನು. ಒದ್ದಾಟ ಮುಗಿದ ಮೇಲೆ ತಿಳಿದದ್ದು ಇಷ್ಟು: ನನ್ನಲ್ಲಿ ಶಕ್ತಿ ಕಡಿಮೆ ಇರಲಿಲ್ಲ, ನಾನು ಹೋಗುತ್ತಿದ್ದ ದಾರಿಯೇ ತಪ್ಪಾಗಿತ್ತು.

ಮೊದಲು ಅಳತೆ ನೋಡೋಣ. ಸಾಧಾರಣ ಎತ್ತರದವರ ಭುಜದಿಂದ ಮುಷ್ಟಿಯವರೆಗೆ ಸುಮಾರು 55ರಿಂದ 60 ಸೆಂಟಿಮೀಟರ್. ನೇತಾಡುವಾಗ ಭುಜ ಕಂಬಿಗಿಂತ ಅಷ್ಟು ಕೆಳಗೆ, ಮೇಲೆ ಹೋಗಿ ತೋಳು ನೆಟ್ಟಗಾದಾಗ ಅಷ್ಟೇ ಮೇಲೆ. ಅಂದರೆ ದೇಹ ಏರುವುದು ಒಟ್ಟು ಒಂದು ಮೀಟರಿಗಿಂತ ಜಾಸ್ತಿ. ಇದರಲ್ಲಿ ಕೆಳಗಿನ ಪಾಲು ಪುಲ್‌ಅಪ್, ಅದು ಅಭ್ಯಾಸವಿದ್ದವರಿಗೆ ಗೊತ್ತೇ ಇದೆ. ಮೇಲಿನ ಪಾಲು ಡಿಪ್, ಎಂದರೆ ಅಂಗೈ ಊರಿ ದೇಹವನ್ನು ಮೇಲೆ ನೂಕುವುದು. ಅದೂ ಬರುತ್ತದೆ. ಎರಡರ ನಡುವೆ, ಭುಜ ಕಂಬಿಯ ಸ್ವಲ್ಪ ಕೆಳಗಿನಿಂದ ಸ್ವಲ್ಪ ಮೇಲಕ್ಕೆ ಹೋಗಬೇಕಾದ ಜಾಗ ಇದೆಯಲ್ಲ, ಅದು ಹೆಚ್ಚೆಂದರೆ ಒಂದು ಗೇಣು. ಮಸಲ್ ಅಪ್‌ನ ಸಕಲ ಸಂಕಟವೂ ಇರುವುದು ಆ ಗೇಣಿನಲ್ಲಿ.

ಆ ಗೇಣಿನಲ್ಲಿ ಏನಾಗುತ್ತದೆ? ಮೂರು ತೊಂದರೆಗಳು ಒಟ್ಟಿಗೇ ಎದುರಾಗುತ್ತವೆ. ಎಳೆಯುವ ಕೆಲಸ ಮಾಡುತ್ತಿದ್ದ ಬೆನ್ನಿನ ಅಗಲ ಸ್ನಾಯು ಮತ್ತು ತೋಳಿನ ಬೈಸೆಪ್ಸ್ ಅಷ್ಟೊತ್ತಿಗೆ ಪೂರ್ತಿ ಕುಗ್ಗಿರುತ್ತವೆ. ಕುಗ್ಗಿ ಮುಗಿದ ಸ್ನಾಯುವಿಗೆ ಎಳೆಯುವ ಬಲ ಕಡಿಮೆ. ಮುಂದಿನ ಪಾಳಿಯವರಾದ ಎದೆ ಮತ್ತು ಟ್ರೈಸೆಪ್ಸ್ ಸ್ನಾಯುಗಳು ಕೆಲಸಕ್ಕೆ ಇನ್ನೂ ಬಂದಿರುವುದಿಲ್ಲ, ಯಾಕೆಂದರೆ ಮುಂಗೈ ಕಂಬಿಯ ಕೆಳಗೇ ಇದೆ. ಕೆಳಗಿನಿಂದ ನೂಕಲು ಸಾಧ್ಯವಿಲ್ಲ. ಇದರ ಜೊತೆಗೆ ಮಣಿಕಟ್ಟು ತಿರುಗಬೇಕು. ಇಷ್ಟು ಹೊತ್ತು ಕೊಕ್ಕೆಯಾಗಿದ್ದ ಕೈ ಈಗ ಊರುಗೋಲಾಗಬೇಕು. ಒಂದು ಪಾಳಿ ಮುಗಿದು ಇನ್ನೊಂದು ಪಾಳಿ ಶುರುವಾಗುವ ನಡುವೆ ಕಾರ್ಖಾನೆ ಖಾಲಿ ಇದ್ದ ಹಾಗೆ.

ಈ ಖಾಲಿ ಜಾಗವನ್ನು ಬರೀ ವೇಗದಲ್ಲಿ ಹಾರಿಬಿಡುತ್ತೇನೆ ಎನ್ನುವವರು ಒಂದು ಲೆಕ್ಕ ನೋಡಿ. ಕೈಯ ಸಹಾಯ ಏನೂ ಇಲ್ಲದೆ ದೇಹ ಒಂದು ಗೇಣು, ಎಂದರೆ ಸುಮಾರು 22 ಸೆಂಟಿಮೀಟರ್ ತಾನಾಗಿ ತೇಲಿ ಏರಬೇಕಾದರೆ, ಆ ಗೇಣಿನ ಬುಡದಲ್ಲಿ ಅದರ ವೇಗ ಸೆಕೆಂಡಿಗೆ ಸುಮಾರು 2.1 ಮೀಟರ್ ಇರಬೇಕು. ಕಲ್ಲನ್ನು ಮೇಲಕ್ಕೆ ಎಸೆಯುವಾಗಿನ ಶಾಲೆಯ ಸೂತ್ರವೇ ಇದು, ದೇಹದ ತೂಕಕ್ಕೆ ಇಲ್ಲಿ ಸಂಬಂಧವಿಲ್ಲ. ನಾವು ನೀವು ಸಾವಧಾನವಾಗಿ ಒಂದು ಸೆಕೆಂಡಿನಲ್ಲಿ ಮಾಡುವ ಪುಲ್‌ಅಪ್‌ನ ಸರಾಸರಿ ವೇಗ ಅರ್ಧ ಮೀಟರೂ ಇರುವುದಿಲ್ಲ. ಅಂದರೆ ನಾಲ್ಕು ಪಟ್ಟಿಗೂ ಹೆಚ್ಚು ವೇಗ ಬೇಕು. ಪುಲ್‌ಅಪ್ ಎಣಿಕೆಯನ್ನು ಹನ್ನೆರಡರಿಂದ ಇಪ್ಪತ್ತಕ್ಕೆ ಏರಿಸಿದರೂ ಕೆಲವರಿಗೆ ಮಸಲ್ ಅಪ್ ಬಾರದಿರುವುದಕ್ಕೆ ಇದೊಂದು ಕಾರಣ. ನಿಧಾನವಾಗಿ ಇಪ್ಪತ್ತು ಸಲ ಎಳೆಯುವವನು ಕಲಿತಿರುವುದು ದಮ್ಮು. ಇಲ್ಲಿ ಬೇಕಾದದ್ದು ಒಂದೇ ಒಂದು ಸಿಡಿತ.

ಆದರೆ ಸಿಡಿತದ ಅಗತ್ಯವನ್ನೂ ತಗ್ಗಿಸುವ ಉಪಾಯವಿದೆ. ಆ ಗೇಣನ್ನೇ ಚಿಕ್ಕದು ಮಾಡುವುದು. ದಾರಿಯ ಮಾತು ಬರುವುದು ಇಲ್ಲಿ.

ಎಲ್ಲರೂ ಮೊದಲು ಮಾಡುವ ತಪ್ಪು ನೇರ ಮೇಲಕ್ಕೆ ಎಳೆಯುವುದು. ನೇರ ಎಳೆದರೆ ಗಲ್ಲ ಕಂಬಿಯ ಮೇಲೆ ಬರುತ್ತದೆ, ಕಂಬಿ ಕೊರಳೆಲುಬಿಗೆ ಮುಟ್ಟುತ್ತದೆ, ಮೊಣಕೈ ಪೂರ್ತಿ ಮಡಚಿರುತ್ತದೆ. ಅಲ್ಲಿಂದ ಮುಂದೆ ಎಳೆಯಲು ಏನೂ ಉಳಿದಿಲ್ಲ. ಕಾಲು ಗಾಳಿಯಲ್ಲಿ ಸೈಕಲ್ ತುಳಿಯುತ್ತದೆ, ಮುಖ ಕೆಂಪಾಗುತ್ತದೆ, ಮತ್ತೆ ಕೆಳಗೆ. ನನ್ನ ಹನ್ನೊಂದು ತಿಂಗಳಲ್ಲಿ ಎಂಟು ಹೋದದ್ದು ಹೀಗೆ. ದೇಹ ಹೋಗಬೇಕಾದದ್ದು ನೇರ ಗೆರೆಯಲ್ಲಲ್ಲ. ಪಕ್ಕದಿಂದ ನಿಂತು ನೋಡಿದರೆ ಭುಜದ ದಾರಿ ಕುಡುಗೋಲಿನ ಬಾಗಿನಂತಿರಬೇಕು: ಮೊದಲು ಕಂಬಿಯಿಂದ ಹಿಂದಕ್ಕೆ ಸರಿಯುತ್ತಾ ಮೇಲೇರಿ, ಕೊನೆಗೆ ಕಂಬಿಯ ಮೇಲಿಂದ ಮುಂದಕ್ಕೆ ಬಾಗಬೇಕು. ಕಂಬಿ ಅಡ್ಡ ಇದೆ, ಅದನ್ನು ಭೇದಿಸಿ ಹೋಗಲಾಗದು, ಸುತ್ತಿಯೇ ಹೋಗಬೇಕು. ಜಿಮ್ನಾಸ್ಟಿಕ್ಸ್‌ನವರು ರಿಂಗುಗಳ ಮೇಲೆ ಮಾಡುವಾಗ ಈ ಸುತ್ತು ಬೇಕಿಲ್ಲ, ಎರಡು ರಿಂಗುಗಳ ನಡುವೆ ದೇಹಕ್ಕೆ ಬಾಗಿಲು ತೆರೆದಿರುತ್ತದೆ. ಹಾಗಾಗಿ ರಿಂಗಿನ ಪಾಠವನ್ನು ಕಂಬಿಗೆ ತಂದು ಹಚ್ಚಿದರೆ ಕೆಲವು ಹೊಂದುತ್ತವೆ, ಕೆಲವು ಹೊಂದುವುದಿಲ್ಲ.

ಹಿಂದಕ್ಕೆ ಸರಿಯುತ್ತಾ ಎಳೆಯುವುದೆಂದರೆ ಹೇಗೆ? ನೇತಾಡುವಾಗ ಹೊಟ್ಟೆ ಒಳಗೆಳೆದು, ಪೃಷ್ಠ ಬಿಗಿದು, ಪಾದಗಳನ್ನು ದೇಹಕ್ಕಿಂತ ಸ್ವಲ್ಪ ಮುಂದಿಡಬೇಕು. ದೇಹ ಬಾಳೆಹಣ್ಣಿನ ಬಾಗಿನಂತಾಗುತ್ತದೆ. ಆಮೇಲೆ ‘ನಾನು ಮೇಲೆ ಹೋಗುತ್ತೇನೆ’ ಎಂದು ಯೋಚಿಸದೆ ‘ಕಂಬಿಯನ್ನು ಸೊಂಟಕ್ಕೆ ತರುತ್ತೇನೆ’ ಎಂದು ಯೋಚಿಸಬೇಕು. ತೋಳನ್ನು ಬೇಗ ಮಡಚದೆ, ಸಾಧ್ಯವಾದಷ್ಟು ಹೊತ್ತು ಉದ್ದವಿಟ್ಟುಕೊಂಡೇ ಕಂಬಿಯನ್ನು ಕೆಳಗೊತ್ತುವ ಭಾವ. ಭಾವ ಎಂದದ್ದು ಬೇಕೆಂದೇ. ಕಂಬಿ ಅಲ್ಲಾಡುವುದಿಲ್ಲ, ಆದರೆ ಹಾಗೆ ಅಂದುಕೊಂಡಾಗ ಬೈಸೆಪ್ಸ್ ಬದಲು ಬೆನ್ನು ಮೊದಲು ಕೆಲಸಕ್ಕಿಳಿಯುತ್ತದೆ. ಸರಿಯಾಗಿ ಎಳೆದರೆ ಕಂಬಿ ಬಂದು ಮುಟ್ಟುವುದು ಕೊರಳಿಗಲ್ಲ, ಪಕ್ಕೆಲುಬಿನ ಕೆಳ ಅಂಚಿಗೆ. ಅಷ್ಟು ಎತ್ತರಕ್ಕೆ ಬಂದರೆ ಗೇಣಿನಲ್ಲಿ ಅರ್ಧ ಆಗಲೇ ಕಳೆದಿರುತ್ತದೆ.

ಈಗ ಆ ತಿರುವು. ದೋಣಿಯ ಹುಡುಗನನ್ನು ಮತ್ತೆ ನೆನೆಯಿರಿ. ಅವನು ಅಂಚಿನವರೆಗೆ ಎಳೆದುಕೊಂಡ ಮೇಲೆ ಮತ್ತೂ ಎಳೆಯುತ್ತಾ ಕೂರುವುದಿಲ್ಲ. ತಲೆಯನ್ನೂ ಎದೆಯನ್ನೂ ಅಂಚಿನ ಆಚೆ ಹಾಕಿಬಿಡುತ್ತಾನೆ. ತಲೆ, ಭುಜ ಆಚೆ ಹೋದರೆ ಸೊಂಟ, ಕಾಲು ಈಚೆ ಉಳಿದು ತಕ್ಕಡಿಯಂತೆ ತೂಗುತ್ತದೆ, ಕೈಗೆ ಭಾರ ಇಳಿಯುತ್ತದೆ, ಮೊಣಕೈ ತಾನೇ ಹಿಂದಕ್ಕೂ ಮೇಲಕ್ಕೂ ತಿರುಗುತ್ತದೆ. ಕಂಬಿಯ ಮೇಲೂ ಅಷ್ಟೇ. ಕಂಬಿ ಪಕ್ಕೆಲುಬಿನ ಮಟ್ಟಕ್ಕೆ ಬಂದ ಕ್ಷಣ ಎಳೆತ ಮರೆತು, ಕಿಟಕಿಯಿಂದ ಹೊರಗೆ ಇಣುಕುವವರ ಹಾಗೆ ಎದೆಯನ್ನು ಮುಂದಕ್ಕೆ ಹಾಕಬೇಕು. ಬೆರಳಿನ ಗೆಣ್ಣುಗಳು ಕಂಬಿಯ ಮೇಲಕ್ಕೆ ಉರುಳಬೇಕು. ಇದಕ್ಕಾಗಿಯೇ ಹಿಡಿತ ತುಂಬ ಬಿಗಿಯಾಗಿರಬಾರದು. ಹೆಬ್ಬೆರಳನ್ನು ಕಂಬಿಯ ಕೆಳಗಿನಿಂದ ಸುತ್ತದೆ ಉಳಿದ ಬೆರಳುಗಳ ಪಕ್ಕದಲ್ಲಿ ಮೇಲೇ ಇಡುವವರೂ ಇದ್ದಾರೆ, ಹಾಗಿಟ್ಟರೆ ಮಣಿಕಟ್ಟು ಸುಲಭವಾಗಿ ಉರುಳುತ್ತದೆ. ಆದರೆ ಜೋರಾಗಿ ತೂಗಾಡುವ ರೀತಿಯಲ್ಲಿ ಆ ಹಿಡಿತ ಅಪಾಯ, ಜಾರಿದರೆ ಹಿಡಿಯಲು ಹೆಬ್ಬೆರಳಿಲ್ಲ.

ಇನ್ನೊಂದು ಹಿಡಿತ ಇದೆ, ಫಾಲ್ಸ್ ಗ್ರಿಪ್ ಎನ್ನುತ್ತಾರೆ. ಶುರುವಿನಲ್ಲೇ ಮಣಿಕಟ್ಟನ್ನು ಮಡಚಿ, ಅಂಗೈಯ ಬುಡವನ್ನು ಕಂಬಿಯ ಮೇಲೆ ಹತ್ತಿಸಿಕೊಂಡೇ ನೇತಾಡುವುದು. ಆಮೇಲೆ ಮಾಡಬೇಕಾದ ತಿರುವನ್ನು ಮೊದಲೇ ಮಾಡಿಟ್ಟುಕೊಂಡಂತೆ. ಯಾವ ತೂಗಾಟವೂ ಇಲ್ಲದೆ ನಿಧಾನವಾಗಿ ಏರುವವರಿಗೆ ಇದು ದೊಡ್ಡ ಸಹಾಯ, ಮಣಿಕಟ್ಟಿಗೆ ಮಾತ್ರ ಹಿಂಸೆ. ಹತ್ತು ಸೆಕೆಂಡ್ ನೇತಾಡಿ ಅಭ್ಯಾಸ ಮಾಡುತ್ತಾ ವಾರಗಟ್ಟಲೆ ಕೊಟ್ಟರೆ ಮಾತ್ರ ಒಗ್ಗುತ್ತದೆ. ನನಗೆ ಒಗ್ಗಲಿಲ್ಲ.

ಬೈತಖೋಲದ ಒಬ್ಬ ಹುಡುಗನನ್ನು, ಟ್ರಾಲರಿನ ತಾಂಡೇಲರೊಬ್ಬರ ಮಗ, ಒಂದು ದಿನ ಕಂಬಿಯ ಹತ್ತಿರ ಕರೆದುಕೊಂಡು ಹೋದೆ. ಮೊದಲ ಸಲ ಅವನಿಗೂ ಆಗಲಿಲ್ಲ. ದೋಣಿ ಹತ್ತುವಾಗ ನೀರು ಅರ್ಧ ಭಾರ ಹೊರುತ್ತದೆ, ಕಾಲಿಗೆ ಒದೆಯಲು ಏನಾದರೂ ಸಿಗುತ್ತದೆ. ಇಲ್ಲಿ ಬರೀ ಗಾಳಿ. ಮೂರನೆಯ ಸಲ ಮಂಡಿ ಎಳೆದು, ಕೊಂಚ ವಕ್ರವಾಗಿ, ಮೇಲೆ ಹೋಗಿ ಕುಳಿತ. ‘ಇದಕ್ಕೆ ಹನ್ನೊಂದು ತಿಂಗ್ಳಾ ಅಣ್ಣಾ?’ ಎಂದು ಕೇಳಿದ. ಅವನಿಗೆ ಪುಲ್‌ಅಪ್ ಬರುವುದು ಏಳೋ ಎಂಟೋ. ನನಗಿಂತ ಕಡಿಮೆ ಶಕ್ತಿಯಿದ್ದವನಿಗೆ ಅಂಚು ದಾಟುವ ಕ್ಷಣ ಯಾವುದು ಎಂಬುದು ಮೈಯಲ್ಲೇ ಗೊತ್ತಿತ್ತು.

ಹಾಗೆಂದು ಶಕ್ತಿ ಬೇಡ ಎಂದು ಯಾರೂ ತಿಳಿಯಬಾರದು. ಮೂರು ಪುಲ್‌ಅಪ್‌ಗೆ ಸುಸ್ತಾಗುವವರು ಮಸಲ್ ಅಪ್‌ಗೆ ಕೈ ಹಾಕಿದರೆ ಕೆಡುವುದು ಭುಜ. ನನ್ನ ಅಂದಾಜಿನಲ್ಲಿ ತೂಗಾಟವಿಲ್ಲದ ಎಂಟು ಹತ್ತು ಪುಲ್‌ಅಪ್, ಅವುಗಳಲ್ಲಿ ನಾಲ್ಕೈದಾದರೂ ಎದೆ ಕಂಬಿಗೆ ಮುಟ್ಟುವಂಥವು, ಜೊತೆಗೆ ಒಂಟಿ ಕಂಬಿಯ ಮೇಲೆ ಹತ್ತು ಡಿಪ್, ಇಷ್ಟು ಇರಬೇಕು. ಒಂಟಿ ಕಂಬಿ ಎಂಬುದನ್ನು ಗಮನಿಸಿ. ಜಿಮ್ಮಿನ ಜೋಡಿ ಕಂಬಿಗಳ ನಡುವೆ ಮಾಡುವ ಡಿಪ್ ಬೇರೆ, ಅಲ್ಲಿ ದೇಹ ನೆಟ್ಟಗೆ ಇಳಿಯುತ್ತದೆ. ಒಂಟಿ ಕಂಬಿಯ ಮೇಲೆ ಎದೆ ಕಂಬಿಗೆ ತಾಗುವವರೆಗೆ ಇಳಿದು, ಮುಂದೆ ಬಾಗಿದ ಸ್ಥಿತಿಯಿಂದ ಏಳಬೇಕು. ತಿರುವು ಮುಗಿದಾಗ ನೀವು ಬಂದು ಬೀಳುವುದು ಆ ತಳದಲ್ಲೇ. ಅಲ್ಲಿಂದ ಏಳಲಾಗದಿದ್ದರೆ ಮೇಲೆ ಬಂದೂ ಪ್ರಯೋಜನವಿಲ್ಲ.

ಅಭ್ಯಾಸದ ಕ್ರಮದಲ್ಲಿ ನಾನು ಎಲ್ಲಕ್ಕಿಂತ ಮೇಲಿಡುವುದು ಇಳಿತವನ್ನು. ಒಂದು ಸ್ಟೂಲ್ ಹಾಕಿಕೊಂಡೋ, ಕೆಳಗಿನ ಕಂಬಿಯಿಂದ ಹಾರಿಯೋ ನೇರವಾಗಿ ಮೇಲಿನ ಸ್ಥಿತಿಗೆ ಹೋಗಿ. ಅಲ್ಲಿಂದ ಎದೆ ಮುಂದೆ ಬಾಗಿಸಿ ಇಳಿಯಿರಿ, ಎದೆ ಕಂಬಿಗೆ ತಾಗಿದಾಗ ನಿಲ್ಲಿ, ಆಮೇಲೆ ಗೇಣಿನ ಜಾಗವನ್ನು ಮೂರರಿಂದ ಐದು ಸೆಕೆಂಡ್ ತೆಗೆದುಕೊಂಡು ದಾಟಿ ಕೆಳಗೆ ಬನ್ನಿ. ಏರಲಾಗದ ಭಾರವನ್ನು ತಡೆತಡೆದು ಇಳಿಸಲು ಸ್ನಾಯುವಿಗೆ ಆಗುತ್ತದೆ, ಇದು ಅದರ ಗುಣ. ಇಳಿಯುವಾಗ ಮೊಣಕೈ ಎಲ್ಲಿ ತಿರುಗಿತು, ಮಣಿಕಟ್ಟು ಎಲ್ಲಿ ಉರುಳಿತು, ಯಾವ ಜಾಗದಲ್ಲಿ ದಬಕ್ಕನೆ ಜಾರಿತು ಎಂಬುದನ್ನು ದೇಹ ಟಿಪ್ಪಣಿ ಮಾಡಿಕೊಳ್ಳುತ್ತದೆ. ಜಾರುವ ಆ ಜಾಗವೇ ಏರುವಾಗ ಸಿಕ್ಕಿಕೊಳ್ಳುವ ಜಾಗ. ಒಂದು ಸಲಕ್ಕೆ ಮೂರು ಇಳಿತ ಸಾಕು, ನಡುವೆ ಎರಡು ಮೂರು ನಿಮಿಷ ಬಿಡುವು.

ಇನ್ನೊಂದು, ಎದೆಮಟ್ಟದ ಕಂಬಿಯ ಮುಂದೆ ನಿಂತು, ಕಾಲು ನೆಲಕ್ಕಿದ್ದಂತೆಯೇ ತಿರುವನ್ನು ಮಾತ್ರ ಮಾಡುವುದು. ಮಂಡಿ ಮಡಚಿ ಕೆಳಗಿಳಿದು, ಪಾದದಿಂದ ಬೇಕಾದಷ್ಟೇ ನೂಕಿ ಎದೆಯನ್ನು ಕಂಬಿಯ ಮೇಲೆ ತರುವುದು. ನೋಡಿದವರು ನಗಬಹುದು, ನಗಲಿ. ನೂರು ಸಲ ಮಾಡಿದರೂ ಭುಜ ದಣಿಯುವುದಿಲ್ಲ.

ರಬ್ಬರ್ ಬ್ಯಾಂಡಿನ ಬಗ್ಗೆ ನನಗೆ ತಕರಾರಿದೆ. ಕಂಬಿಗೆ ಬ್ಯಾಂಡ್ ಕಟ್ಟಿ ಅದರಲ್ಲಿ ಕಾಲಿಟ್ಟು ಅಭ್ಯಾಸ ಮಾಡುವುದು ಈಗ ಎಲ್ಲ ಕಡೆ ಕಾಣುತ್ತದೆ. ಆದರೆ ರಬ್ಬರ್ ಹೆಚ್ಚು ಹಿಗ್ಗಿದಾಗ ಹೆಚ್ಚು ಎಳೆಯುತ್ತದೆ, ಕಡಿಮೆ ಹಿಗ್ಗಿದಾಗ ಕಡಿಮೆ. ಅಂದರೆ ನಿಮಗೆ ಸಹಾಯವೇ ಬೇಡದ ತಳದಲ್ಲಿ ಅದು ಧಾರಾಳಿ, ಪ್ರಾಣ ಹೋಗುವ ಗೇಣಿನಲ್ಲಿ ಹೆಚ್ಚುಕಡಿಮೆ ಸಡಿಲಾಗಿ ಕೈ ಬಿಡುತ್ತದೆ. ತಳದಲ್ಲಿ ಸಿಕ್ಕ ಪುಕ್ಕಟೆ ವೇಗದಿಂದ ನೀವು ತಿರುವನ್ನು ಹಾರಿ ದಾಟುತ್ತೀರಿ. ಮೇಲೆ ಹೋದ ಖುಷಿ ಸಿಗುತ್ತದೆ, ತಿರುವಿನ ಪಾಠ ಸಿಗುವುದಿಲ್ಲ. ಭಯ ಹೋಗಲಿಕ್ಕೆ ನಾಲ್ಕು ದಿನ ಬಳಸಿ, ತಪ್ಪಲ್ಲ. ನಾಲ್ಕು ತಿಂಗಳು ಬಳಸಬೇಡಿ.

ತೂಗಾಟದ ಸಹಾಯ ಪಡೆಯುವುದು ಮೋಸವೇ ಎಂಬ ಜಗಳ ಕಂಬಿಯ ಸುತ್ತ ಸದಾ ಇರುತ್ತದೆ. ನನಗೆ ಹಾಗನ್ನಿಸುವುದಿಲ್ಲ, ಎರಡೂ ಬೇರೆ ಬೇರೆ ವಿದ್ಯೆ. ಕಲಿಯುವವರಿಗೆ ಸಣ್ಣ ತೂಗಾಟ ಒಳ್ಳೆಯದೇ, ಆದರೆ ಎಳೆಯುವ ಹೊತ್ತು ಗೊತ್ತಿರಬೇಕು. ದೇಹ ಕಂಬಿಯ ಕೆಳಗಿಂದ ಮುಂದಕ್ಕೆ ತೂಗಿ, ಅಲ್ಲಿ ಒಂದು ಕ್ಷಣ ನಿಂತು, ಹಿಂದಕ್ಕೆ ಹೊರಡುತ್ತದೆ. ಹಾಗೆ ಹೊರಟು, ಪಾದ ಮುಂದೆ, ಎದೆ ಹಿಂದೆ ಇರುವಾಗ ಎಳೆಯಬೇಕು. ಅವಸರಗೇಡಿಗಳು ನೇರ ಕಂಬಿಯ ಕೆಳಗಿರುವಾಗಲೇ ಎಳೆದು ಹಣೆಗೆ ಪೆಟ್ಟು ತಿನ್ನುತ್ತಾರೆ. ಉಯ್ಯಾಲೆ ನೂಕಿದ ಯಾರಿಗಾದರೂ ಈ ಹೊತ್ತು ಗೊತ್ತಿರುತ್ತದೆ: ಅದು ಹಿಂದಕ್ಕೆ ಬಂದು ತಿರುಗುವಾಗ ನೂಕಬೇಕು, ನಡುವೆ ಕೈ ಹಾಕಿದರೆ ಕೈಗೇ ಪೆಟ್ಟು.

ಮೋಸ ಎನ್ನಬೇಕಾದದ್ದು ಬೇರೆ ಇದೆ, ಅದು ದೇಹ ತನಗೇ ಮಾಡಿಕೊಳ್ಳುವ ಮೋಸ. ಎರಡೂ ಮೊಣಕೈ ಒಟ್ಟಿಗೆ ದಾಟದಿದ್ದಾಗ, ಒಂದನ್ನು ಮೊದಲು ಕಂಬಿಯ ಮೇಲೆ ಹಾಕಿ, ಅದರ ಮೇಲೆ ಒರಗಿ ಇನ್ನೊಂದನ್ನು ಎಳೆದುಕೊಳ್ಳುವುದು. ಮುರಿದ ರೆಕ್ಕೆಯ ಕೋಳಿಯಂತೆ ಕಾಣುವುದರಿಂದ ಚಿಕನ್ ವಿಂಗ್ ಎಂದು ಕರೆಯುತ್ತಾರೆ. ನನ್ನ ‘ಮೊದಲ ಮಸಲ್ ಅಪ್’ ಅದೇ ಆಗಿತ್ತು, ವಿಡಿಯೊ ಕೂಡ ಮಾಡಿಸಿಕೊಂಡಿದ್ದೆ. ಆ ಕ್ಷಣದಲ್ಲಿ ಇಡೀ ದೇಹದ ಭಾರ ತಿರುಚಿದ ಒಂದೇ ಭುಜದ ಮೇಲೆ ಬೀಳುತ್ತದೆ. ಮೂರು ವಾರ ಹಾಗೆ ಮಾಡಿದ್ದಕ್ಕೆ ಎರಡು ತಿಂಗಳು ಬಲಗೈ ಎತ್ತಿ ಬಟ್ಟೆ ಒಣಹಾಕಲು ಆಗಲಿಲ್ಲ. ವಿಡಿಯೊ ಅಳಿಸಿದೆ. ಒಂದು ಮೊಣಕೈ ಮೊದಲು ಹೋಗುತ್ತಿದೆ ಎಂದರೆ ಎತ್ತರ ಸಾಲದು ಎಂದೇ ಅರ್ಥ. ಮತ್ತೆ ಪಕ್ಕೆಲುಬಿನವರೆಗೆ ಎಳೆಯುವ ಅಭ್ಯಾಸಕ್ಕೆ ಹೋಗಬೇಕು.

ಇನ್ನೊಂದು ನೋವು ಮೊಣಕೈಯ ಒಳಬದಿಯದು. ಹಿಡಿಯುವ, ಮಣಿಕಟ್ಟು ಮಡಚುವ ಸ್ನಾಯುಗಳೆಲ್ಲ ಆ ಚಿಕ್ಕ ಎಲುಬಿನ ಉಬ್ಬಿಗೆ ಬಂದು ಅಂಟುತ್ತವೆ. ಅಂಟಿಸುವ ಸ್ನಾಯುರಜ್ಜುವಿಗೆ ರಕ್ತದ ಸರಬರಾಜು ಕಡಿಮೆ, ಹಾಗಾಗಿ ಸ್ನಾಯು ಬಲಿತಷ್ಟು ಬೇಗ ಅದು ಬಲಿಯುವುದಿಲ್ಲ. ಸ್ನಾಯು ವಾರಗಳ ಲೆಕ್ಕದಲ್ಲಿ ಮುಂದೆ ಹೋದರೆ ರಜ್ಜು ತಿಂಗಳುಗಳ ಲೆಕ್ಕದಲ್ಲಿ ಹಿಂದೆ ಬರುತ್ತದೆ. ಶಿರಸಿಯ ತೋಟಗಳಲ್ಲಿ ಒಂದು ಮರದಿಂದ ಇನ್ನೊಂದಕ್ಕೆ ದಾಟುತ್ತಾ ಅಡಿಕೆ ಕೊನೆ ಇಳಿಸುವ ಕೊನೆಗೌಡರ ಹಿಡಿತ ನೋಡಿ ಬೆರಗಾಗುತ್ತೇವೆ, ಅದು ವರ್ಷಗಟ್ಟಲೆ ಕೂಡಿದ್ದು. ವಾರಕ್ಕೆ ಎರಡು, ಹೆಚ್ಚೆಂದರೆ ಮೂರು ದಿನ, ನಡುವೆ ಎರಡು ದಿನದ ಅಂತರ, ಒಂದು ದಿನಕ್ಕೆ ಹದಿನೈದಕ್ಕಿಂತ ಹೆಚ್ಚು ಪ್ರಯತ್ನ ಬೇಡ. ಎಳೆತದ ವೇಗ ಬಿದ್ದಿತೆಂದರೆ ಆ ದಿನದ ಅಂಗಡಿ ಮುಚ್ಚುವುದು. ನೋವು ಬೆಳಿಗ್ಗೆ ಎದ್ದಾಗಲೂ ಇದ್ದರೆ ಕಂಬಿ ಬಿಟ್ಟು ವೈದ್ಯರ ಹತ್ತಿರ ಹೋಗುವುದು.

ಸೇನಾ ಭರ್ತಿಗೆ ತಯಾರಾಗುವ ಹುಡುಗರು ಇಲ್ಲಿ ಸಾಕಷ್ಟಿದ್ದಾರೆ. ಅವರು ಕೇಳುವ ಪ್ರಶ್ನೆ ಒಂದೇ: ಇದು ರ‍್ಯಾಲಿಗೆ ಉಪಯೋಗವಾ? ಇಲ್ಲ. ರ‍್ಯಾಲಿಯಲ್ಲಿ ಬೀಮ್ ಎಂದು ಕರೆಯುವ ಪುಲ್‌ಅಪ್ ಹತ್ತು ಮಾಡಿದರೆ 40 ಅಂಕ, ಆರು ಮಾಡಿದರೆ 16. ಮಸಲ್ ಅಪ್‌ಗೆ ಸೊನ್ನೆ. ಆರು ಹೊಡೆಯುವವನು ಹತ್ತಕ್ಕೆ ಹೋಗುವುದರಲ್ಲಿ ಸಮಯ ಹಾಕಲಿ, ತೂಗಾಟದ ಚಟವನ್ನಂತೂ ಹತ್ತಿಸಿಕೊಳ್ಳದಿರಲಿ. ಹತ್ತು ಬಂದ ಮೇಲೆ ಇದು ಇದ್ದೇ ಇದೆ.

ಕಂಬಿಯ ಮಾತು ಉಳಿಯಿತು. ಕಡಲತೀರದ ಉಪ್ಪು ಗಾಳಿಗೆ ನಮ್ಮಲ್ಲಿ ಯಾವ ಕಬ್ಬಿಣವೂ ಬಹುಕಾಲ ಬಾಳುವುದಿಲ್ಲ. ಜಿಐ ಪೈಪಿನ ಮೈ ಚೆನ್ನಾಗಿ ಕಂಡರೂ ವೆಲ್ಡಿಂಗ್ ಮಾಡಿದ ಮೂಲೆಯಲ್ಲಿ ತುಕ್ಕು ಒಳಗೊಳಗೇ ತಿಂದಿರುತ್ತದೆ, ಮಸಲ್ ಅಪ್‌ನ ಜಗ್ಗಾಟ ಸುಮ್ಮನೆ ನೇತಾಡಿದ್ದಕ್ಕಿಂತ ಎಷ್ಟೋ ಜೋರು. ಮೊದಲು ಆ ಮೂಲೆಗಳನ್ನು ಉಗುರಿನಿಂದ ಕೆರೆದು, ಒಮ್ಮೆ ಜೋರಾಗಿ ಜಗ್ಗಿ ನೋಡಿ. ಸೆಕೆಗೆ ಅಂಗೈ ಬೆವರುತ್ತದೆ, ಅದಕ್ಕೆ ಜಿಮ್ನಾಸ್ಟಿಕ್ಸ್‌ನವರ ಚಾಕ್ ಪುಡಿ, ಎಂದರೆ ಮೆಗ್ನೀಸಿಯಂ ಕಾರ್ಬೊನೇಟ್, ಹಚ್ಚಬೇಕು. ಮನೆಯಲ್ಲಿದ್ದ ಟಾಲ್ಕಂ ಪೌಡರನ್ನೋ ಕೇರಂ ಬೋರ್ಡಿನ ಪುಡಿಯನ್ನೋ ತಂದು ಹಚ್ಚಿಕೊಂಡವರನ್ನು ನೋಡಿದ್ದೇನೆ. ಅವು ಇರುವುದೇ ಜಾರಲಿ ಎಂದು. ಜೂನ್ ಹಿಡಿದು ಸೆಪ್ಟೆಂಬರ್ ತನಕ ಹೊರಗಿನ ಕಂಬಿ ಒದ್ದೆಯೇ. ಆ ನಾಲ್ಕು ತಿಂಗಳು ನಾನು ಜಗಲಿಯ ತೊಲೆಗೆ ಕಟ್ಟಿದ ಪೈಪಿನಲ್ಲಿ ಎದೆ ಮುಟ್ಟುವ ಪುಲ್‌ಅಪ್ ಮಾತ್ರ ಮಾಡುತ್ತೇನೆ. ಹಂಚಿನ ಮಾಡು ತಗ್ಗು, ಮಸಲ್ ಅಪ್‌ಗೆ ಹೋದರೆ ತಲೆ ಹಂಚಿಗೆ ತಾಗುತ್ತದೆ.